ಸೊಕ್ಕು ನಾಯಿದಲ್ಲ, ತಪ್ಪು ನೆಲದ್ದು

ನಮ್ಮ ಕಡೆ ಈಚೆಗೆ ಒಂದು ಮಾತು ಜಾಸ್ತಿ ಕೇಳಿಬರ್ತಾ ಇದೆ. "ಓಟದ ನಾಯಿ ಮನೆಗೆ ಆಗಿಬರಲ್ಲ ಕಣ್ರೀ, ಅದು ಹೊಲಕ್ಕೇ ಸರಿ" ಅಂತ. ಕೊಳ್ಳೇಗಾಲದ ಸಂತೇಲೂ ಕೇಳಿದೆ, ಹನೂರಲ್ಲಿ ಗೊಬ್ಬರದಂಗಡಿ ಮುಂದೆಯೂ ಕೇಳಿದೆ. ಯಾಕೆ ಅಂದ್ರೆ ಎಲ್ಲರೂ ಹೇಳೋದು ಒಂದೇ ಕಾರಣ. ಒಳಗೆ ಕರೆದ್ರೆ ಬಾಗಿಲಲ್ಲೇ ನಿಂತುಬಿಡುತ್ತೆ, ಮೆಟ್ಟಿಲು ಹತ್ತಲ್ಲ, ಎಳೆದ್ರೆ ಅಲ್ಲೇ ಮಲಗಿಬಿಡುತ್ತೆ, ಬಲು ಸೊಕ್ಕು ಅದಕ್ಕೆ.

ನಾನು ಇದನ್ನ ಒಪ್ಪಲ್ಲ. ನಾಯಿಗೆ ಸೊಕ್ಕಿಲ್ಲ, ಭಯ. ಭಯಕ್ಕೆ ಕಾರಣ ನಾವು ಆಸೆಪಟ್ಟು ಹಾಕಿಸಿರೋ ನೆಲ. ನೆಲ ಸರಿ ಮಾಡದೆ ನಾಯೀನ ಬೈಯೋದು, ಬಡಿಯೋದು, ಕೊನೆಗೆ ಯಾರಿಗೋ ಕೊಟ್ಟುಬಿಡೋದು ನ್ಯಾಯ ಅಲ್ಲ.

ಮೊದಲು ನಾಯಿ ಮನೆಯೊಳಗೆ ಯಾಕೆ ಬಂತು ಅನ್ನೋದು ನೋಡೋಣ. ನಾವ್ಯಾರೂ ಪೇಟೆಯವರ ಥರ ಶೋಕಿಗೆ ನಾಯಿ ಒಳಗೆ ಬಿಟ್ಟುಕೊಂಡವರಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, 2011ರಿಂದ ಹುಲಿ ರಕ್ಷಿತ ಪ್ರದೇಶ. ಇನ್ನೊಂದು ಕಡೆ ಮಾದಪ್ಪನ ಬೆಟ್ಟದ ಕಾಡು, 2013ರಲ್ಲಿ ವನ್ಯಧಾಮ ಆಯ್ತು. ಮತ್ತೊಂದು ಕಡೆ ಕಾವೇರಿ ವನ್ಯಧಾಮ. ಗುಂಬಳ್ಳಿ ಕಡೆಯವರಿಗೂ ಲೊಕ್ಕನಹಳ್ಳಿ, ಒಡೆಯರಪಾಳ್ಯದವರಿಗೂ ನಾನು ಹೊಸದಾಗಿ ಹೇಳಬೇಕಿಲ್ಲ. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಅಂದ್ರೆ ಚಿರತೆಗೆ ಎಲೆ ಹಾಕಿ ಬಡಿಸಿಟ್ಟ ಊಟ. ಬಿಟ್ಟಿದ್ರೆ ಓಡಿಯಾದ್ರೂ ತಪ್ಪಿಸ್ಕೊಳ್ಳುತ್ತೆ, ಕಟ್ಟಿದ್ರೆ ಅದೂ ಇಲ್ಲ. ಹಾಗಂತ ರಾತ್ರಿಯೆಲ್ಲ ಬಿಟ್ಟುಬಿಟ್ರೆ ಕಾಡಿಗೆ ನುಗ್ಗಿ ಮೊಲ, ಜಿಂಕೆ ಹಿಂದೆ ಬೀಳುತ್ತೆ. ನಾಯಿ ಬಿಟ್ಟು ಬೇಟೆ ಆಡಿಸೋದು 1972ರ ಕಾಯ್ದೆ ಪ್ರಕಾರ ಅಪರಾಧ, ಕೇಸು ನಮ್ಮ ಮೇಲೆ ಬರುತ್ತೆ. ಅದಕ್ಕೇ ಕತ್ತಲಾದ ಮೇಲೆ ನಾಯೀನ ಒಳಗೆ ಕರ್ಕೊಳ್ತೀವಿ, ಇಲ್ಲಾ ಮಾಳಿಗೆ ಮೇಲೆ ಬಿಡ್ತೀವಿ. ಇದು ಬುದ್ಧಿವಂತಿಕೆ ಕೆಲಸಾನೇ, ಇದರಲ್ಲಿ ತಪ್ಪೇನಿಲ್ಲ.

ಆದ್ರೆ ಒಳಗೆ ಏನಿದೆ? ನಮ್ಮ ಅಪ್ಪಂದಿರ ಕಾಲದಲ್ಲಿ ಹೆಂಚಿನ ಮನೆ, ಸಗಣಿ ಸಾರಿಸಿದ ನೆಲ. ಆಮೇಲೆ ಗಾರೆ ನೆಲ ಬಂತು. ಎರಡರಲ್ಲೂ ನಾಯಿ ಕಾಲು ನಿಲ್ಲುತ್ತಿತ್ತು. ಈಗ ಆರ್‌ಸಿಸಿ ಮನೆ, ಕನ್ನಡಿ ಥರ ಮುಖ ಕಾಣೋ ವಿಟ್ರಿಫೈಡ್ ಟೈಲ್ಸು. ಮೆಟ್ಟಿಲಿಗೆ ಪಾಲಿಶ್ ಹೊಡೆದ ಕರಿ ಗ್ರಾನೈಟು. ನಮ್ಮ ಚಾಮರಾಜನಗರ ಜಿಲ್ಲೆ ಕರಿಕಲ್ಲು ದೇಶವಿದೇಶಕ್ಕೆ ಹೋಗೋವಂಥದ್ದು, ನಾವೂ ಹಾಕಿಸ್ತೀವಿ, ಸಂತೋಷ. ಆದ್ರೆ ಆ ಕಲ್ಲಿನ ಮೇಲೆ ಎರಡು ಹನಿ ನೀರು ಬಿದ್ದಾಗ ಮನುಷ್ಯನೇ ಗೋಡೆ ಹಿಡ್ಕೊಂಡು ನಡೀತಾನೆ. ನಾಯಿ ಏನು ಹಿಡ್ಕೊಳ್ಳಬೇಕು?

ನಾವು ಸಾಕೋ ನಾಯಿಗಳ ಮೈಕಟ್ಟು ನೋಡಿ. ಮುಧೋಳ ನಾಯಿ ಆಗ್ಲಿ, ತಮಿಳುನಾಡಿನಿಂದ ಬರೋ ಚಿಪ್ಪಿಪಾರೈ, ಕನ್ನಿ ಆಗ್ಲಿ, ಇಂಗ್ಲೆಂಡಿನ ಗ್ರೇಹೌಂಡ್ ಆಗ್ಲಿ, ಎಲ್ಲಾ ಒಂದೇ ಬಗೆ. ಕಣ್ಣಿಂದ ಗುರುತಿಸಿ ಓಡಿ ಹಿಡಿಯೋ ನಾಯಿಗಳು. ಉದ್ದ ಕಾಲು, ಆಳವಾದ ಎದೆ, ಸಣ್ಣ ಸೊಂಟ, ಮೈಮೇಲೆ ಕೊಬ್ಬೇ ಇಲ್ಲ, ತೆಳು ಚರ್ಮ. ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿ ಮೇಲೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದವರು ಈ ತಳಿಗೆ ಅಂತಲೇ ಕೇಂದ್ರ ನಡೆಸ್ತಾರೆ. ಬಯಲಲ್ಲಿ ಓಡೋಕೆ ಅಂತಲೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಜೀವ ಅದು. ಓಡುವಾಗ ಉಗುರು ಮಣ್ಣಿಗೆ ಕಚ್ಚಿ ಮೈ ಮುಂದಕ್ಕೆ ತಳ್ಳುತ್ತೆ. ಟೈಲ್ಸ್ ಮೇಲೆ ಉಗುರು ಕಚ್ಚೋಕೆ ಏನೂ ಸಿಗಲ್ಲ. ಜಾರಿದಾಗ ಭಯಬಿದ್ದು ಇನ್ನೂ ಗಟ್ಟಿಯಾಗಿ ಉಗುರು ಊರುತ್ತೆ, ಅಂಗಾಲಿನ ಮೆತ್ತೆ ನೆಲ ಬಿಟ್ಟು ಮೇಲೇಳುತ್ತೆ, ಇನ್ನೂ ಜಾರುತ್ತೆ. ಉದ್ದ ಕಾಲು ಆದ್ದರಿಂದ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗ್ತವೆ. ಒಂದ್ಸಲ ಹಾಗೆ ಬಿದ್ದ ನಾಯಿ ಮುಂದಿನ ಸಲ ಹೊಸಿಲಲ್ಲೇ ನಿಲ್ಲುತ್ತೆ. ಅದನ್ನ ನಾವು ಸೊಕ್ಕು ಅಂತೀವಿ.

ಬಿದ್ರೆ ಬರೀ ಭಯ ಅಲ್ಲ, ಪೆಟ್ಟೂ ಆಗುತ್ತೆ. ತೊಡೆ ಸಂದಿನ ಸ್ನಾಯು ಹರಿಯುತ್ತೆ, ಹಿಂಗಾಲಿನ ಮೊಣಕಾಲ ಒಳಗಿನ ಕಟ್ಟು ಕಿತ್ತುಹೋಗುತ್ತೆ, ಮೆಟ್ಟಿಲ ಅಂಚಿಗೆ ಉಗುರು ಸಿಕ್ಕಿ ಬುಡಸಮೇತ ಬರುತ್ತೆ, ತೆಳು ಚರ್ಮ ಸೀಳುತ್ತೆ. ಅಂಥ ನಾಯಿ ಮತ್ತೆ ಮೊದಲಿನ ಥರ ಹಂದಿ ಅಟ್ಟೋದು ಕಷ್ಟ. ರಾಗಿ, ಮುಸುಕಿನ ಜೋಳ ಇಟ್ಟವರಿಗೆ ಅದರ ಬೆಲೆ ಏನು ಅಂತ ಗೊತ್ತು.

"ನಾಯಿಗೂ ಕಾರ್ಪೆಟ್ ಹಾಸ್ಬೇಕೇನಪ್ಪ?" ಅಂತ ನಗೋರಿದ್ದಾರೆ. ಅವರಿಗೆ ನನ್ನ ಒಂದೇ ಪ್ರಶ್ನೆ. ಎಚ್‌ಎಫ್ ಹಸು ಕೊಟ್ಟಿಗೆಗೆ ಬಂದಾಗ ಏನು ಮಾಡಿದ್ರಿ? ಕಾಂಕ್ರೀಟ್ ನೆಲದಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಳ್ಳುತ್ತೆ ಅಂತ ರಬ್ಬರ್ ಮ್ಯಾಟ್ ತಂದು ಹಾಸಿದ್ರಿ. ಆಗ ಯಾರೂ ನಗಲಿಲ್ಲ, ಯಾಕಂದ್ರೆ ಹಸು ಹಾಲು ಕೊಡುತ್ತೆ, ದುಡ್ಡು ಕಾಣುತ್ತೆ. ನಾಯಿ ಉಳಿಸೋ ಬೆಳೆ ಕಣ್ಣಿಗೆ ಕಾಣಲ್ಲ, ಅಷ್ಟೇ ವ್ಯತ್ಯಾಸ. ಮನೇಲಿ ವಯಸ್ಸಾದ ತಾಯಿ ಇದ್ರೆ ಅದೇ ನೆಲ ಅವರಿಗೂ ಶತ್ರು. ನಾಯಿಗೆ ಅಂತ ಮಾಡಿದ್ದು ಅವರಿಗೂ ಆಗುತ್ತೆ.

ಮಾಡೋದೇನೂ ದೊಡ್ಡದಲ್ಲ. ಇಡೀ ಮನೆಗೆ ಹಾಸಬೇಕಿಲ್ಲ, ನಾಯಿಗೊಂದು ದಾರಿ ಮಾಡಿ. ಬಾಗಿಲಿಂದ ಅದು ಮಲಗೋ ಜಾಗದವರೆಗೆ ಎರಡಡಿ ಅಗಲ ಸಾಕು. ಕೊಟ್ಟಿಗೆಯಲ್ಲಿ ಹಳೇದಾದ ಹಸು ಮ್ಯಾಟ್ ಇದ್ರೆ ತೊಳೆದು ಉದ್ದಕ್ಕೆ ಸೀಳಿ, ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಬರೀ ಗೋಣಿಚೀಲ ಹಾಸಬೇಡಿ. ಟೈಲ್ಸ್ ಮೇಲೆ ಗೋಣಿಯೇ ಜಾರುತ್ತೆ, ನಾಯಿಗೆ ಇನ್ನೂ ಭಯ ಹೆಚ್ಚುತ್ತೆ. ಗೋಣಿನೇ ಬೇಕು ಅಂದ್ರೆ ಹಳೇ ಟ್ರ್ಯಾಕ್ಟರ್ ಟ್ಯೂಬ್ ಪಟ್ಟಿ ಕತ್ತರಿಸಿ ಅಡಿಗೆ ಹೊಲಿಯಿರಿ, ಕದಲಲ್ಲ.

ಮಲಗೋ ಹಾಸು ನಾಯಿಗಿಂತ ದೊಡ್ಡದಿರಲಿ. ಜಾಸ್ತಿ ಜಾರೋದು ನಡೆಯುವಾಗ ಅಲ್ಲ, ಮಲಗಿದ್ದು ಏಳುವಾಗ. ಎದ್ದು ನಾಲ್ಕೂ ಕಾಲು ಊರೋವರೆಗೆ ಹಾಸಿನ ಮೇಲೇ ಇರಬೇಕು. ಈ ನಾಯಿಗಳಿಗೆ ಮೈಯಲ್ಲಿ ಮಾಂಸ ಕಮ್ಮಿ, ಬರೀ ಟೈಲ್ಸ್ ಮೇಲೆ ಮಲಗಿದ್ರೆ ಮೊಣಕೈ ಹತ್ತಿರ ದಡ್ಡು ಕಟ್ಟಿ ಹುಣ್ಣಾಗುತ್ತೆ, ಹಾಗಾಗಿ ಹಾಸು ದಪ್ಪನೂ ಇರಲಿ. ಊಟದ ತಟ್ಟೆ ಕೆಳಗೂ ಒಂದು ತುಂಡು ಮ್ಯಾಟ್ ಹಾಕಿ, ತಲೆ ಬಗ್ಗಿಸಿ ತಿನ್ನುವಾಗ ಮುಂಗಾಲು ಅಗಲ ಆಗ್ತವೆ. ನೆಲ ಒರೆಸಿದ ಮೇಲೆ ಪೂರಾ ಒಣಗೋವರೆಗೆ ಒಳಗೆ ಬಿಡಬೇಡಿ. ಮಳೇಲಿ ನೆನೆದು ಬಂದ್ರೆ ಅಂಗಾಲು ಒರೆಸಿ ಬಿಡಿ.

ಉಗುರು ನೋಡ್ತಾ ಇರಿ. ಹೊಲದಲ್ಲಿ ಓಡಾಡೋ ನಾಯಿಗೆ ಉಗುರು ತಾನಾಗೇ ಸವೆಯುತ್ತೆ. ಮನೇಲಿ ಹೆಚ್ಚು ಇದ್ರೆ ಬೆಳೆಯುತ್ತೆ, ಬೆರಳು ಮೇಲಕ್ಕೆತ್ತಿ ಅಂಗಾಲು ನೆಲಕ್ಕೆ ಕೂರಲ್ಲ. ನಡೆದಾಗ ಟಕಟಕ ಸದ್ದು ಬಂದ್ರೆ ಉದ್ದ ಆಗಿದೆ ಅಂತ ಅರ್ಥ. ತುದಿ ಮಾತ್ರ ಕತ್ತರಿಸಿ, ಒಳಗೆ ರಕ್ತನಾಳ ಇರುತ್ತೆ. ಧೈರ್ಯ ಇಲ್ಲದಿದ್ರೆ ಪಶು ಆಸ್ಪತ್ರೇಲಿ ಮಾಡಿಸಿ.

ಈಗ ಮೆಟ್ಟಿಲ ವಿಷಯ. ನನ್ನ ಅಭಿಪ್ರಾಯ ಕೇಳಿದ್ರೆ, ಸಾಧ್ಯವಾದಷ್ಟು ಮೆಟ್ಟಿಲೇ ಬೇಡ. ನಮ್ಮ ಮನೆಗಳ ಹೊರಮೆಟ್ಟಿಲು ಬಹಳ ಕಡೆ ಕಂಬಿ ಇಲ್ಲದ್ದು, ಕಡಿದಾದದ್ದು. ಎರಡಡಿಗೂ ಹೆಚ್ಚು ಎತ್ತರದ ನಾಯಿಯ ಮೈ ಒಂದೇ ಹೊತ್ತಿಗೆ ಮೂರು ಮೆಟ್ಟಿಲ ಮೇಲೆ ಹರಡುತ್ತೆ. ನಾಯಿಯ ಭಾರ ಮೊದಲೇ ಮುಂಗಾಲ ಮೇಲೆ ಹೆಚ್ಚು, ಇಳಿಯುವಾಗ ಇನ್ನೂ ಹೆಚ್ಚು ಬೀಳುತ್ತೆ. ಅದಕ್ಕೇ ಹತ್ತಿದ ನಾಯಿ ಇಳಿಯೋಕೆ ಒಪ್ಪಲ್ಲ. ಬಲವಂತ ಮಾಡಿದ್ರೆ ಮೇಲಿಂದ ಒಂದೇ ನೆಗೆತಕ್ಕೆ ಕೆಳಗೆ ಹಾರೋಕೆ ನೋಡುತ್ತೆ, ಕಾಲು ಮುರಿಯೋದು ಆಗಲೇ. ನೆಲಮಟ್ಟದಲ್ಲೇ ಒಂದು ರೂಮು ಇದ್ರೆ ಅದೇ ಕೊಡಿ. ಇಲ್ಲಾ ಮನೆ ಗೋಡೆಗೆ ಅಂಟಿಸಿ, ಮೇಲೆ ತಗಡು, ಸುತ್ತ ದಪ್ಪ ಕಬ್ಬಿಣದ ಜಾಲರಿ, ಒರಟು ಗಾರೆ ನೆಲದ ಗೂಡು ಮಾಡಿಸಿ. ಚಿರತೆ ಪಂಜ ತೂರದಷ್ಟು ಕಣ್ಣು ಸಣ್ಣ ಇರಲಿ, ಬಾಗಿಲಿಗೆ ಚಿಲಕ ಗಟ್ಟಿ ಇರಲಿ. ಮಾಳಿಗೆಗಿಂತ ಅದು ವಾಸಿ.

ಮೆಟ್ಟಿಲು ತಪ್ಪಿಸೋಕೆ ಆಗಲ್ಲ ಅನ್ನೋರು ಕಲಿಸಬೇಕು, ಎಳೆಯಬಾರದು. ಹೊರದೇಶಗಳಲ್ಲಿ ರೇಸಿನಿಂದ ನಿವೃತ್ತಿ ಆದ ಗ್ರೇಹೌಂಡ್‌ಗಳನ್ನ ಮನೆಗೆ ತಂದು ಸಾಕೋರಿದ್ದಾರೆ. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ ಜನ ಮತ ಹಾಕಿ ನಾಯಿ ರೇಸನ್ನೇ ನಿಲ್ಲಿಸಿದ ಮೇಲೆ ಅಂಥ ನಾಯಿಗಳು ಎಷ್ಟೋ ಮನೆ ಸೇರಿದವು. ಅವೂ ಗೂಡಲ್ಲೇ ಬೆಳೆದವು, ಮೆಟ್ಟಿಲು ನೋಡಿದವಲ್ಲ. ಅವರು ಕಲಿಸೋ ಕ್ರಮ ನಮಗೂ ಆಗುತ್ತೆ.

ಮೊದಲು ಕುತ್ತಿಗೆ ಪಟ್ಟಿ ಬಿಡಿ. ಈ ನಾಯಿಗಳ ತಲೆ ಕುತ್ತಿಗೆಗಿಂತ ಸಣ್ಣ, ಹಿಂದಕ್ಕೆ ಜಗ್ಗಿದ್ರೆ ಪಟ್ಟಿ ಕಳಚಿ ಬರುತ್ತೆ, ನಾಯಿ ಉರುಳುತ್ತೆ. ಎದೆಗೆ ಹಾಕೋ ಪಟ್ಟಿ ಹಾಕಿ. ಹಸಿವಿದ್ದಾಗ ಒಂದು ಹಿಡಿ ಬೇಯಿಸಿದ ಕೋಳಿ ಲಿವರ್ ಇಟ್ಕೊಳ್ಳಿ. ಹತ್ತೋದಕ್ಕೆ ಕೆಳಗಿನ ಮೂರೇ ಮೆಟ್ಟಿಲು. ಒಬ್ಬರು ಮುಂದೆ, ಒಬ್ಬರು ಹಿಂದೆ. ನಿಂತುಬಿಟ್ರೆ ಒಂದೊಂದೇ ಪಾದ ಕೈಯಲ್ಲಿ ಎತ್ತಿ ಮೇಲಿನ ಮೆಟ್ಟಿಲ ಮೇಲಿಡಿ, ಮೊದಲು ಮುಂಗಾಲು, ಆಮೇಲೆ ಹಿಂಗಾಲು. ಇಳಿಯೋದನ್ನ ಮೇಲಿಂದ ಶುರು ಮಾಡಬೇಡಿ. ಎತ್ತಿಕೊಂಡು ಕೆಳಗಿನ ಎರಡನೇ ಮೆಟ್ಟಿಲಲ್ಲಿ ನಿಲ್ಲಿಸಿ, ಅಲ್ಲಿಂದ ಇಳಿಯಲಿ. ಸಲೀಸಾದ ಮೇಲೆ ಮೂರನೇದು, ನಾಲ್ಕನೇದು. ದಿನಕ್ಕೆ ಐದು ನಿಮಿಷ ಸಾಕು. ಕೆಲವು ಎರಡೇ ದಿನಕ್ಕೆ ಕಲೀತವೆ, ಕೆಲವಕ್ಕೆ ತಿಂಗಳೂ ಬೇಕಾಗುತ್ತೆ. ನಮ್ಮ ಮನೆಯ ಬೆಳ್ಳಿ ಹತ್ತೋದು ನಾಲ್ಕು ದಿನಕ್ಕೆ ಕಲಿತಳು, ಇಳಿಯೋಕೆ ಮೂರು ವಾರ ತಗೊಂಡಳು. ಪ್ರತಿ ಮೆಟ್ಟಿಲಂಚಿಗೆ ಮರಳು ಕಾಗದದಂಥ ಅಂಟುಪಟ್ಟಿ ಸಿಗುತ್ತೆ, ಹಾರ್ಡ್‌ವೇರ್ ಅಂಗಡೀಲಿ ಕೇಳಿ. ರಾತ್ರಿ ಅಲ್ಲೊಂದು ಬಲ್ಬ್ ಉರಿಯಲಿ.

ಮರಿಗಳನ್ನಂತೂ ಮೂರು ತಿಂಗಳು ತುಂಬೋವರೆಗೆ ಮೆಟ್ಟಿಲಿಗೆ ಬಿಡಲೇಬೇಡಿ. ನಾರ್ವೆ ದೇಶದಲ್ಲಿ ನಾಲ್ಕು ದೊಡ್ಡ ತಳಿಗಳ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಐರಿಷ್ ವುಲ್ಫ್‌ಹೌಂಡ್ ಅನ್ನೋ ಓಟದ ನಾಯಿಯೂ ಅದರಲ್ಲಿತ್ತು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ದಿನಾ ಮೆಟ್ಟಿಲು ಬಳಸಿದ ಮರಿಗಳಿಗೆ ಸೊಂಟದ ಕೀಲು ಕೆಡೋದು ಹೆಚ್ಚು ಕಂಡುಬಂತು. ಮೆತ್ತನೆ ನೆಲದಲ್ಲಿ ಬಿಡುವಾಗಿ ಓಡಾಡಿದ ಮರಿಗಳಿಗೆ ಕಮ್ಮಿ. ನಮ್ಮ ಹೊಲದ ಮಣ್ಣೇ ಔಷಧಿ ಅಂತಾಯ್ತಲ್ಲ.

ಕುಂಟೋ ನಾಯಿಗೆ ಮನುಷ್ಯರ ನೋವಿನ ಮಾತ್ರೆ ನುಂಗಿಸೋ ಅಭ್ಯಾಸ ಬಿಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವೆಲ್ಲ ನಾಯಿಯ ಹೊಟ್ಟೆ, ಈಲಿ, ಮೂತ್ರಪಿಂಡ ಕೆಡಿಸ್ತವೆ, ಜೀವಾನೂ ತೆಗೀತವೆ. ಡಾಕ್ಟರಿಗೆ ತೋರಿಸಿ. ಆಪರೇಷನ್ ಬೇಕಾದ್ರೆ ಇದು ಓಟದ ತಳಿ ಅಂತ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಈ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿ ಇಳಿಯೋದು ನಿಧಾನ. ಹಿಂದೆಂದೂ ತೊಂದರೆ ಇಲ್ಲದ ನಾಯಿ ಏಕಾಏಕಿ ಮೆಟ್ಟಿಲು ಬೇಡ ಅಂದ್ರೂ ಅದು ಹಟ ಅಲ್ಲ, ಎಲ್ಲೋ ನೋವಿರಬೇಕು. ಕಾಲು, ಬೆನ್ನು, ಉಗುರು ಮುಟ್ಟಿ ನೋಡಿ.

ಹೊಸ ಮನೆ ಕಟ್ಟಿಸ್ತಾ ಇರೋ ಅಣ್ಣಂದಿರು ಈಗಲೇ ಮೇಸ್ತ್ರಿಗೆ ಹೇಳಿಬಿಡಿ. ಜಗಲಿಗೆ, ಹಜಾರಕ್ಕೆ ಹೊಳೆಯೋ ಟೈಲ್ಸ್ ಬದಲು ಒರಟು ಮೈದು ಹಾಕಲಿ, ಪಾರ್ಕಿಂಗ್ ಟೈಲ್ಸ್ ಆದ್ರೂ ಪರವಾಗಿಲ್ಲ. ಮೆಟ್ಟಿಲಿಗೆ ಗ್ರಾನೈಟೇ ಬೇಕು ಅಂದ್ರೆ ಪಾಲಿಶ್ ಬೇಡ ಅನ್ನಿ, ಅಂಚಿಗೆ ಮೂರು ಗೀರು ಹೊಡೆಸಿ, ಪಕ್ಕಕ್ಕೆ ಕಂಬಿ ಹಾಕಿಸಿ. ಗೃಹಪ್ರವೇಶಕ್ಕೆ ಬಂದೋರು ಒಂದು ದಿನ ನೆಲದ ಹೊಳಪು ನೋಡಿ ಹೋಗ್ತಾರೆ. ಆ ನೆಲದ ಮೇಲೆ ಮುಂದೆ ದಿನಾ ನಡೆಯೋರು ನಾವು, ನಮ್ಮ ತಾಯಂದಿರು, ನಮ್ಮ ಹೊಲ ಕಾಯೋ ನಾಯಿಗಳು.