ಬಾಡಿಗೆಯನ್ನು ಕೇಳದ ಪಟ್ಟಿ
ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ವರ್ಷಂಪ್ರತಿ ಪ್ರಕಟಿಸುವ ವಾಸಯೋಗ್ಯ ನಗರಗಳ ಪಟ್ಟಿಯಲ್ಲಿ 2022ರಿಂದ 2024ರವರೆಗೆ ವಿಯೆನ್ನಾ ಅಗ್ರಸ್ಥಾನದಲ್ಲಿತ್ತು, 2025ರಲ್ಲಿ ಕೋಪನ್‌ಹೇಗನ್. ಇದನ್ನು ನಾಗರಿಕ ಜೀವನದ ಪರಮ ತೀರ್ಪೆಂದು ಕೊಂಡಾಡುವವರು ಒಂದನ್ನು ಗಮನಿಸಬೇಕು. ಪರದೇಶಕ್ಕೆ ಕಳುಹಿಸುವ ನೌಕರನಿಗೆ ಎಷ್ಟು ಹೆಚ್ಚುವರಿ ಭತ್ಯೆ ಸಲ್ಲಬೇಕೆಂದು ಕಂಪನಿಗಳು ಲೆಕ್ಕಹಾಕುವುದು ಇಂತಹ ಪಟ್ಟಿಗಳಿಂದಲೇ. ಒಳ್ಳೆಯ ಮನೆ ದೊರೆಯುವುದೇ ಎಂದು ಪಟ್ಟಿ ಕೇಳುತ್ತದೆ. ಬಾಡಿಗೆ ಎಷ್ಟೆಂದು ಕೇಳುವುದಿಲ್ಲ. ಭತ್ಯೆ ಪಡೆಯುವವನಿಗೆ ಆ ಪ್ರಶ್ನೆಯಾದರೂ ಏಕೆ? ಖರ್ಚಿನ ಕಲಮೇ ಇಲ್ಲದ ಇಂತಹ ಖಾತೆಯನ್ನು ನಮ್ಮ ಪೇಟೆಯ ಯಾವ ಗುಮಾಸ್ತನೂ ಬರೆಯಲಾರ.

ವಿಯೆನ್ನಾದ ನಿಜವಾದ ಹಿರಿಮೆ ಇರುವುದು ಆ ಬಿಟ್ಟುಹೋದ ಕಲಮಿನಲ್ಲಿಯೇ. 1923ರಿಂದ 1934ರೊಳಗೆ ಅಲ್ಲಿಯ ನಗರಾಡಳಿತವು ಶ್ರಮಿಕರಿಗಾಗಿ ಸುಮಾರು 60,000 ಮನೆಗಳನ್ನು ಕಟ್ಟಿಸಿತು. ಇಂದಿಗೂ ನಗರದ ಅರ್ಧದಷ್ಟು ಜನ ನಗರಾಡಳಿತದ ಅಥವಾ ಸಹಾಯಧನದ ಮನೆಗಳಲ್ಲಿ ಹಗುರವಾದ ಬಾಡಿಗೆಗೆ ವಾಸಿಸುತ್ತಾರೆ. ಆ ಹಗುರತೆಗೆ ಪಟ್ಟಿಯಲ್ಲಿ ಒಂದು ಅಂಕವೂ ಇಲ್ಲ.