ಹುಳುಕು ಬೇರೆ, ಸವೆತ ಬೇರೆ



ನಾನು ವೈದ್ಯನಲ್ಲ, ಅಕ್ಕಲಕೋಟೆಯ ಕಿರಾಣಿ ವ್ಯಾಪಾರಿ. ಹೋದ ವರ್ಷ ನನ್ನ ದವಡೆಹಲ್ಲು 8 ದಿನ ವಿಪರೀತ ನೋಯಿತು. ಲವಂಗ ಇಟ್ಟುಕೊಂಡು ಅಂಗಡಿಯಲ್ಲಿ ಕುಳಿತೆ. ನೋವು ತಾನಾಗಿ ನಿಂತಿತು. ವಾಸಿಯಾಯಿತೆಂದು ಸುಮ್ಮನಾದೆ. 4 ತಿಂಗಳ ಮೇಲೆ ಗಲ್ಲ ಬಾತಿತು. ಸೊಲ್ಲಾಪುರದ ದಂತವೈದ್ಯರು ಎಕ್ಸ್‌ರೇ ನೋಡಿ, "ಕಾಕಾ, ಅಂದು ಹಲ್ಲು ವಾಸಿಯಾಗಿರಲಿಲ್ಲ, ಅದರ ನರ ಸತ್ತಿತ್ತು" ಎಂದರು. ಆ ಹಲ್ಲು ಉಳಿಯಲಿಲ್ಲ. ಅವರಿಂದ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಹುಳುಕು ಹಲ್ಲಿನಲ್ಲಿ ಹುಳುವಿರುವುದಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಬೆಲ್ಲದಿಂದ ಆಮ್ಲ ಮಾಡುತ್ತವೆ. ಅದು ಹಲ್ಲಿನ ಮೇಲ್ಪದರವಾದ ಎನಾಮೆಲ್ ಕರಗಿಸುತ್ತದೆ. ಮಕ್ಕಳಿಗೆ ದವಡೆಹಲ್ಲಿನ ಮೇಲಿನ ಗೀರುಗಳಲ್ಲಿ, ದೊಡ್ಡವರಿಗೆ ಹಲ್ಲುಗಳ ಸಂದಿಯಲ್ಲಿಯೂ, ನನ್ನಂಥ ವಯಸ್ಸಾದವರಿಗೆ ವಸಡು ಇಳಿದು ಬೇರು ಬಯಲಾದ ಕಡೆಯೂ ಹುಳುಕು ಹಿಡಿಯುತ್ತದೆ. ಮೊದಲ ಗುರುತು ಸುಣ್ಣದಂಥ ಬಿಳಿ ಮಚ್ಚೆ. ಆಗಲೇ ಫ್ಲೋರೈಡ್ ಹಚ್ಚಿಸಿದರೆ ಅಲ್ಲಿಗೇ ನಿಲ್ಲಬಹುದು. ಕುಳಿ ಬಿದ್ದರೆ ಕೊರೆದು ತುಂಬಿಸಬೇಕು. ನರಕ್ಕೆ ತಲುಪಿದರೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಬೇಕು. ಅದಕ್ಕೂ ಮೀರಿದರೆ ಕೀಳಿಸುವುದೊಂದೇ ದಾರಿ.

ಸವೆತಕ್ಕೆ ಸೂಕ್ಷ್ಮಜೀವಿಗಳು ಕಾರಣವಲ್ಲ. ಅದರಲ್ಲಿ ಮುಖ್ಯವಾಗಿ ಮೂರು ಬಗೆ. ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲು ಒಂದಕ್ಕೊಂದು ತಿಕ್ಕಿ ಚಪ್ಪಟೆಯಾಗುತ್ತದೆ. ಅಂಥವರಿಗೆ ರಾತ್ರಿ ಹಾಕಿಕೊಳ್ಳಲು ಕವಚ ಮಾಡಿಕೊಡುತ್ತಾರೆ. ಗಟ್ಟಿ ಬ್ರಷ್ಷು, ಇದ್ದಲಿ ಪುಡಿಯಿಂದ ಒತ್ತಿ ಉಜ್ಜಿದರೆ ವಸಡಿನ ಬಳಿ ಗೀರು ಬಿದ್ದು, ತಣ್ಣೀರು ತಾಕಿದರೆ ಜುಮ್ಮೆನ್ನುತ್ತದೆ. ಮೃದು ಬ್ರಷ್ಷಿನಿಂದ ಹಗುರವಾಗಿ ಉಜ್ಜಬೇಕು. ಮಿಶ್ರಿಯಂತೂ ಬೇಡವೇ ಬೇಡ, ಅದು ತಂಬಾಕು, ಬಾಯಿ ಕ್ಯಾನ್ಸರಿಗೆ ದಾರಿ. ಮೂರನೆಯದು ಹುಳಿಯ ಸವೆತ: ಲಿಂಬೆರಸ, ಬಾಟಲಿ ತಂಪು ಪಾನೀಯ, ಹೊಟ್ಟೆಯಿಂದ ಮೇಲೆ ಬರುವ ಆಮ್ಲ. ಹುಳಿ ತಿಂದರೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಹಲ್ಲುಜ್ಜಬೇಕು.

ನಮ್ಮ ವ್ಯಾಪಾರಿಗಳಿಗೆ ಇನ್ನೊಂದು ಮಾತು. ಗಿರಾಕಿ ಬಂದಾಗಲೆಲ್ಲ ಸಿಹಿ ಚಹಾ ಕುಡಿಯುತ್ತೇವೆ. ಸಕ್ಕರೆ ಎಷ್ಟು ಎಂಬುದರಷ್ಟೇ, ದಿನಕ್ಕೆ ಎಷ್ಟು ಸಲ ಎಂಬುದೂ ಮುಖ್ಯ. ಪ್ರತಿ ಸಲವೂ ಆಮ್ಲ ಹೊಸದಾಗಿ ಹುಟ್ಟುತ್ತದೆ.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಮ್ಮ ರೂಢಿ ಹಲ್ಲಿಗೂ ಒಳ್ಳೆಯದೇ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ಅಂಟಿದ್ದು ತೊಳೆದುಹೋಗುವುದಿಲ್ಲ. ರಾತ್ರಿ ನೀರನ್ನೂ ಬಿಟ್ಟವರು ಹೊತ್ತು ಮುಳುಗುವ ಮೊದಲೇ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಕೊಳ್ಳಲಿ. ಮುಂಜಾನೆ ಇನ್ನೊಮ್ಮೆ.

ಬಡ್ಡಿ ಹೋದರೆ ಮತ್ತೆ ಗಳಿಸಬಹುದು. ಹಲ್ಲು ಅಸಲು. ನೋವು ನಿಂತಿತೆಂದು ನನ್ನಂತೆ ಸುಮ್ಮನೆ ಕೂರಬೇಡಿ.