ಮನೆಗೊಂದು ಡೆಸ್ಕ್‌ಟಾಪ್ ಸಾಕಲ್ಲವೇ?

ಜೂನ್ ತಿಂಗಳು ಬಂತೆಂದರೆ ಪಿಯುಸಿ ಮುಗಿಸಿ ಡಿಗ್ರಿ ಸೇರುವವರ ಮನೆಗಳಲ್ಲಿ ಒಂದೇ ಮಾತು: ‘ಅಪ್ಪಾ, ಲ್ಯಾಪ್‌ಟಾಪ್ ಬೇಕು’. ಅಪ್ಪ ಅಂಗಡಿಗೆ ಹೋಗಿ ಬೆಲೆ ಕೇಳುತ್ತಾರೆ. ಐವತ್ತು ಸಾವಿರ, ಅರವತ್ತು ಸಾವಿರ ಎಂಬ ಉತ್ತರ ಬರುತ್ತದೆ. ಬೆನ್ನಿಗೇ ‘ಇಎಂಐ ಇದೆಯಲ್ಲ ಸಾರ್, ತಿಂಗಳಿಗೆ ಇಷ್ಟೇ’ ಎಂಬ ಸಮಾಧಾನ. ಕೊಬ್ಬರಿ ಮಾರಿದ ದುಡ್ಡೋ, ಅಮ್ಮ ಸಂಘದಲ್ಲಿ ಎತ್ತಿದ ಸಾಲವೋ, ಚೀಟಿ ಹಣವೋ ಅಲ್ಲಿಗೆ ಹೋಗುತ್ತದೆ. ಇಲ್ಲವಾದರೆ ‘ಮುಂದಿನ ವರ್ಷ ನೋಡೋಣ’ ಎಂದು ಮಾತು ನಿಲ್ಲುತ್ತದೆ. ಸಾಲ ಮಾಡಿ ತರುವುದು, ಇಲ್ಲವೇ ಏನೂ ಇಲ್ಲದೆ ಡಿಗ್ರಿ ಮುಗಿಸುವುದು. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಮೇಜಿನ ಮೇಲೆ ಕೂರುವ ಸಾದಾ ಡೆಸ್ಕ್‌ಟಾಪ್. ನಮ್ಮ ವಯಸ್ಸಿನವರು ಅದನ್ನು ಹಳೇ ಕಾಲದ್ದೆಂದು ಪಕ್ಕಕ್ಕಿಟ್ಟಿದ್ದೇವೆ. ಹಾಗೆ ಮಾಡಬಾರದು ಎಂಬುದು ನನ್ನ ವಾದ.

‘ಫೋನಿದೆಯಲ್ಲ, ಅದರಲ್ಲೇ ಎಲ್ಲ ಆಗುತ್ತೆ’ ಎನ್ನುವವರು ಬಹಳ. ನೋಡುವುದಕ್ಕೆ, ಕೇಳುವುದಕ್ಕೆ ಫೋನು ಸಾಕು, ನಿಜ. ಆದರೆ ಇಪ್ಪತ್ತು ಪುಟದ ಪ್ರಾಜೆಕ್ಟ್ ವರದಿ ಟೈಪ್ ಮಾಡಲು ಕುಳಿತು ನೋಡಿ. ಎಕ್ಸೆಲ್‌ನಲ್ಲಿ ಹತ್ತು ಕಾಲಂ ತೆರೆದು ನೋಡಿ. ಟ್ಯಾಲಿ ಕಲಿಯುವ ಬಿ.ಕಾಂ. ವಿದ್ಯಾರ್ಥಿ ಲ್ಯಾಬಿನಲ್ಲಿ ವಾರಕ್ಕೆ ಸಿಗುವ ಒಂದೆರಡು ಗಂಟೆಯಲ್ಲಿ ಕೈ ಪಳಗಿಸಿಕೊಳ್ಳುವುದು ಹೇಗೆ? ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ‘ಕಂಪ್ಯೂಟರ್ ಗೊತ್ತಾ?’ ಎಂದು ಕೇಳುತ್ತಾರೆ. ‘ಫೋನ್ ಗೊತ್ತು’ ಎಂದರೆ ಆಗುವುದಿಲ್ಲ.

ಇನ್ನು ಅರ್ಜಿಗಳ ಸಂಗತಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಕೆಇಎ, ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ ಎಲ್ಲವೂ ಆನ್‌ಲೈನ್. ಫೋಟೊ ಇಷ್ಟು ಕೆಬಿ, ಸಹಿ ಇಷ್ಟು ಕೆಬಿ, ಪಿಡಿಎಫ್ ಇಷ್ಟರೊಳಗೆ ಎಂಬ ನಿಯಮಗಳು. ಹಾಗಾಗಿ ಎಲ್ಲರೂ ಓಡುವುದು ಸೈಬರ್ ಸೆಂಟರ್‌ಗೆ. ಕೊನೆಯ ದಿನಾಂಕದ ಸಂಜೆ ಅಲ್ಲಿ ಸಾಲು, ‘ಸರ್ವರ್ ಬಿಜಿ’. ಹಳ್ಳಿಯಿಂದ ಬಂದ ಹುಡುಗಿ ಕೊನೆಯ ಬಸ್ಸಿನ ಹೊತ್ತನ್ನು ನೋಡುತ್ತಾ ನಿಂತಿರುತ್ತಾಳೆ. ಆಧಾರ್, ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರ ಎಲ್ಲದರ ಪ್ರತಿ ಯಾರದೋ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಓಟಿಪಿಯನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳುತ್ತೇವೆ. ಪಾಸ್‌ವರ್ಡನ್ನು ಅಂಗಡಿಯವರೇ ಇಟ್ಟುಕೊಡುತ್ತಾರೆ; ಮುಂದಿನ ಸಲ ಅದು ನಮಗೇ ನೆನಪಿರುವುದಿಲ್ಲ. ಸೈಬರ್ ಸೆಂಟರಿನವರನ್ನು ದೂರುತ್ತಿಲ್ಲ, ಅವರಿಂದ ಎಷ್ಟೋ ಜನರ ಅರ್ಜಿ ದಡ ಸೇರಿದೆ. ಆದರೆ ನಮ್ಮ ಭವಿಷ್ಯದ ಕಾಗದಪತ್ರವನ್ನು ನಾವೇ ಭರ್ತಿ ಮಾಡುವ ಅನುಕೂಲ ಮನೆಯಲ್ಲಿರಬೇಕು. ಅದಕ್ಕೆ ಅರವತ್ತು ಸಾವಿರ ಬೇಕಿಲ್ಲ.

ಲ್ಯಾಪ್‌ಟಾಪ್‌ಗೆ ನಾವು ಕೊಡುವ ಹಣದಲ್ಲಿ ಬ್ಯಾಟರಿ, ಮಡಚುವ ಪರದೆ, ಎಲ್ಲವನ್ನೂ ತೆಳುವಾಗಿ ಜೋಡಿಸಿದ ಕುಶಲತೆ ಇವೆಲ್ಲದರ ಬೆಲೆ ಸೇರಿದೆ. ಹಾಸ್ಟೆಲಿನಲ್ಲಿರುವವರಿಗೆ, ದಿನವೂ ಹೊತ್ತು ತಿರುಗುವವರಿಗೆ ಅದು ಬೇಕೇ ಬೇಕು. ಅವರ ಜೊತೆ ನನ್ನ ತಕರಾರಿಲ್ಲ. ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗಿಬರುವವರ ಲೆಕ್ಕ ಬೇರೆ. ಡೆಸ್ಕ್‌ಟಾಪ್‌ನಲ್ಲಿ ಕೀಬೋರ್ಡ್ ಕೆಟ್ಟರೆ ಕೀಬೋರ್ಡ್ ಮಾತ್ರ ಬದಲಿಸಿದರೆ ಆಯಿತು, ಮಾನಿಟರ್ ಹೋದರೆ ಮಾನಿಟರ್ ಮಾತ್ರ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ಮುಂದೆ ಹೆಚ್ಚಿಸಲಾಗದು. ಇನ್ನೊಂದು ಮುಖ್ಯ ಮಾತು: ಲ್ಯಾಪ್‌ಟಾಪ್ ಒಬ್ಬರದಾಗುತ್ತದೆ, ಡೆಸ್ಕ್‌ಟಾಪ್ ಮನೆಯದಾಗುತ್ತದೆ. ಅಣ್ಣ ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ತಂಗಿಗೆ ಏನೂ ಉಳಿಯದು. ಹಾಲ್‌ನ ಮೂಲೆಯಲ್ಲಿ ಮೇಜಿನ ಮೇಲಿದ್ದರೆ ತಂಗಿಯ ಎಸ್ಸೆಸ್ಸೆಲ್ಸಿ ಪಾಠ, ಅಮ್ಮನ ಸಂಘದ ಲೆಕ್ಕ, ಅಪ್ಪನ ಪಹಣಿ ಹುಡುಕಾಟ ಎಲ್ಲಕ್ಕೂ ಒದಗುತ್ತದೆ.

ಮೊದಲು ಪಟ್ಟಿ, ಆಮೇಲೆ ಅಂಗಡಿ

ಅಂಗಡಿಗೆ ಕಾಲಿಡುವ ಮೊದಲು ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಟೈಪಿಂಗ್, ಎಕ್ಸೆಲ್, ಟ್ಯಾಲಿ, ಆನ್‌ಲೈನ್ ಅರ್ಜಿ, ಯೂಟ್ಯೂಬ್ ಪಾಠ, ವಿಡಿಯೊ ಕರೆ. ಬಹುಪಾಲು ಮನೆಗಳ ಪಟ್ಟಿ ಇಲ್ಲಿಗೇ ಮುಗಿಯುತ್ತದೆ. ಇದರಲ್ಲಿ ಯಾವುದಕ್ಕೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಬಣ್ಣದ ದೀಪ ಹೊಳೆಯುವ ಗಾಜಿನ ಕ್ಯಾಬಿನೆಟ್ ಅಂತೂ ಬೇಡವೇ ಬೇಡ. ‘ಮುಂದೆ ಬೇಕಾಗಬಹುದು’ ಎಂಬ ಮಾತಿಗೆ ಮರುಳಾಗಿ ಇಂದೇ ದುಡ್ಡು ಸುರಿಯುವುದಕ್ಕಿಂತ, ಬೇಕಾದಾಗ ಒಂದೊಂದೇ ಭಾಗ ಸೇರಿಸಬಹುದಾದ್ದೇ ಡೆಸ್ಕ್‌ಟಾಪ್‌ನ ಲಾಭ.

ಯಾವುದರಲ್ಲಿ ಕೈ ಬಿಗಿ ಹಿಡಿಯಬಾರದು? ಮೊದಲನೆಯದು ಎಸ್‌ಎಸ್‌ಡಿ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಒಂದು ತಟ್ಟೆ ತಿರುಗುತ್ತಿರುತ್ತದೆ, ಒಂದು ಸೂಜಿ ಅದರ ಮೇಲೆ ಅತ್ತಿತ್ತ ಹುಡುಕುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಆಸುಪಾಸು ಓದಿದರೆ, ಸಾಮಾನ್ಯ ಸಾಟಾ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತದೆ. ಸಣ್ಣಸಣ್ಣ ಫೈಲುಗಳನ್ನು ತೆರೆಯುವಾಗ ಅಂತರ ಇನ್ನೂ ಹೆಚ್ಚು. ಕಂಪ್ಯೂಟರ್ ಆನ್ ಮಾಡಿ ಚಹಾ ಕುಡಿದು ಬರುವ ಕಥೆ ಇದರಿಂದ ಮುಗಿಯುತ್ತದೆ. ‘1 ಟಿಬಿ ಕೊಡ್ತೀವಿ’ ಎಂದು ಹಾರ್ಡ್‌ಡಿಸ್ಕ್ ಇರುವ ಸೆಟ್ ತೋರಿಸಿದರೆ, 256 ಜಿಬಿ ಎಸ್‌ಎಸ್‌ಡಿಯೇ ಸಾಕು ಎನ್ನಿ.

ಎರಡನೆಯದು ರ‍್ಯಾಮ್. 4 ಜಿಬಿಯಲ್ಲಿ ಬ್ರೌಸರಿನ ನಾಲ್ಕಾರು ಟ್ಯಾಬ್ ತೆರೆದರೆ ಇಂದು ಯಂತ್ರ ತೆವಳುತ್ತದೆ. 8 ಜಿಬಿ ಇರಲಿ. ಅದು ಒಂದೇ ಕಡ್ಡಿಯಾಗಿದ್ದು ಪಕ್ಕದಲ್ಲಿ ಖಾಲಿ ಸ್ಲಾಟ್ ಇದ್ದರೆ ಮುಂದೆ ಇನ್ನೊಂದನ್ನು ಸಿಕ್ಕಿಸಬಹುದು. ಬಿಲ್ ಮಾಡಿಸುವ ಮುನ್ನ ‘ಎಷ್ಟು ಸ್ಲಾಟ್ ಇದೆ, ಎಷ್ಟು ಖಾಲಿ?’ ಎಂದು ಕೇಳಿ.

ಮೂರನೆಯದು ಪ್ರೊಸೆಸರ್. ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ‘ಐ5 ಇದೆ, ಐ3ಗಿಂತ ಒಳ್ಳೇದು’ ಎನ್ನುತ್ತಾರೆ. ಯಾವ ಕಾಲದ ಐ5? ಐ5–2400 ಎಂಬುದು ಎರಡನೇ ತಲೆಮಾರಿನದು, 2011ರದು. ಐ3–8100 ಎಂಬುದು ಎಂಟನೇ ತಲೆಮಾರಿನದು, 2017ರದು. ಅಡ್ಡಗೆರೆಯ ನಂತರದ ಮೊದಲ ಅಂಕಿ ತಲೆಮಾರನ್ನು ಹೇಳುತ್ತದೆ. ಐದು ಅಂಕಿ ಇದ್ದರೆ ಮೊದಲ ಎರಡು. ಎಂಟನೇ ತಲೆಮಾರಿನಲ್ಲಿ ಡೆಸ್ಕ್‌ಟಾಪ್ ಐ3ಗೂ ನಾಲ್ಕು ಕೋರ್ ಬಂತು. ಅಲ್ಲಿಯವರೆಗೆ ಅದಕ್ಕೆ ಇದ್ದದ್ದು ಎರಡೇ. ಇನ್ನೊಂದು ಕಾರಣಕ್ಕೂ ಈ ಗೆರೆ ಮುಖ್ಯ. ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಅಗ್ಗಕ್ಕೆ ಸಿಗುವ ಹಳೆಯ ಸೆಟ್‌ಗಳಲ್ಲಿ ಬಹಳಷ್ಟು ಈ ಗೆರೆಯ ಆಚೆಗಿನವು. ಬೆಲೆ ಕಡಿಮೆ ಯಾಕೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಹೊಸದೋ, ಹಳೆಯದೋ?

ದೊಡ್ಡ ಕಚೇರಿಗಳು ಕೆಲವು ವರ್ಷಕ್ಕೊಮ್ಮೆ ತಮ್ಮ ಡೆಸ್ಕ್‌ಟಾಪ್‌ಗಳನ್ನು ಬದಲಿಸುತ್ತವೆ. ಅವನ್ನು ತೊಳೆದು, ತಪಾಸಿಸಿ, ಎಸ್‌ಎಸ್‌ಡಿ ಹಾಕಿ ‘ರಿಫರ್ಬಿಶ್ಡ್’ ಎಂದು ಮಾರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಅಂಗಡಿಗಳಿವೆ. ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತವೆ. ಕಡಿಮೆ ದುಡ್ಡಿನ ಮನೆಗೆ ನನ್ನ ಮೊದಲ ಆಯ್ಕೆ ಇದೇ. ಹೊಸ ಅಗ್ಗದ ಸೆಟ್‌ಗಿಂತ ಇವುಗಳ ಕಟ್ಟು ಗಟ್ಟಿ, ಎಸೆಯುವ ಬದಲು ಬಳಸಿದರೆ ಇ–ತ್ಯಾಜ್ಯವೂ ಕಡಿಮೆ.

ಆದರೆ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ. ಒಂದು ಪೆನ್‌ಡ್ರೈವ್ ಒಯ್ದು ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಹಾಕಿ ನೋಡಿ. ಫ್ಯಾನ್ ಕಿರುಗುಟ್ಟುತ್ತದೆಯೇ ಕೇಳಿಸಿಕೊಳ್ಳಿ. ಬಯಾಸ್‌ಗೆ ಹಳೇ ಕಚೇರಿಯ ಪಾಸ್‌ವರ್ಡ್ ಉಳಿದಿಲ್ಲವಷ್ಟೇ ಎಂದು ಖಚಿತ ಮಾಡಿಕೊಳ್ಳಿ. ಕಚೇರಿಯ ಸಣ್ಣ ಡಬ್ಬಿಗಳಲ್ಲಿ ಪವರ್ ಸಪ್ಲೈ ಆ ಕಂಪನಿಯದೇ ಅಳತೆಯದಾಗಿರುತ್ತದೆ. ಕೆಟ್ಟರೆ ಅದೇ ಬೇಕು, ಹಾಗಾಗಿ ‘ಇದು ನಿಮ್ಮಲ್ಲಿ ಸಿಗುತ್ತಾ?’ ಎಂದು ಕೇಳಿ. ಜಿಎಸ್‌ಟಿ ಬಿಲ್ ಮತ್ತು ಬರವಣಿಗೆಯಲ್ಲಿ ವಾರಂಟಿ ಇಲ್ಲದೆ ಹಣ ಕೊಡಬೇಡಿ. ‘ನಾನಿದೀನಲ್ಲ ಅಣ್ಣಾ’ ಎಂಬ ಬಾಯಿಮಾತು ವಾರಂಟಿ ಅಲ್ಲ.

ಹೊಸದೇ ಬೇಕು ಎನ್ನುವವರಿಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಮಿನಿ ಪಿಸಿಗಳು ಬಂದಿವೆ. 2023ರಲ್ಲಿ ಬಂದ ಇಂಟೆಲ್ ಎನ್100 ಎಂಬ ಚಿಪ್ ಇರುವವು ನಮ್ಮ ಪಟ್ಟಿಯ ಕೆಲಸಗಳಿಗೆ ಸಾಕಾಗುತ್ತವೆ. ವಿದ್ಯುತ್ತೂ ಬಹಳ ಕಡಿಮೆ. ಕೊಳ್ಳುವ ಮುನ್ನ ಸರ್ವಿಸ್ ಎಲ್ಲಿ ಎಂದು ಮಾತ್ರ ತಿಳಿದುಕೊಳ್ಳಿ.

ವಿದ್ಯುತ್ ಎಂದಾಗ ಹಿರಿಯರಿಗೆ ಭಯ. ಲೆಕ್ಕ ಹಾಕೋಣ. ಮಾನಿಟರೂ ಸೇರಿ 60 ವ್ಯಾಟ್ ಎಂದುಕೊಂಡರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಅಷ್ಟೇ. ಭಯಪಡಬೇಕಾದ್ದು ಕರೆಂಟ್ ಹೋಗುವುದಕ್ಕೆ. ಹೇಳದೆ ಕೇಳದೆ ಹೋದರೆ ಬರೆದದ್ದೂ ಹೋಗುತ್ತದೆ, ಯಂತ್ರಕ್ಕೂ ಪೆಟ್ಟು. ಆದ್ದರಿಂದ 600 ವಿಎ ಯುಪಿಎಸ್ ಒಂದನ್ನು ಮೊದಲ ದಿನವೇ ಸೇರಿಸಿ. ಅದು ಗಂಟೆಗಟ್ಟಲೆ ನಡೆಸುವುದಕ್ಕಲ್ಲ, ಉಳಿಸಿ ಮುಚ್ಚಲು ಬೇಕಾದ ಕೆಲವು ನಿಮಿಷಕ್ಕೆ.

ಬಿಲ್‌ನಲ್ಲಿ ಕಾಣದ ಖರ್ಚುಗಳು

ಡೆಸ್ಕ್‌ಟಾಪ್ ತಂದ ಮೇಲೆ ಅಯ್ಯೋ ಎನಿಸುವ ಕೆಲವು ಸಣ್ಣ ಸಂಗತಿಗಳಿವೆ. ಹಲವು ಸೆಟ್‌ಗಳಲ್ಲಿ ವೈ–ಫೈ ಇರುವುದಿಲ್ಲ. ಪುಟ್ಟ ಯುಎಸ್‌ಬಿ ಡಾಂಗಲ್ ಬೇಕು. ಅಲ್ಲಿಯತನಕ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್‌ನೆಟ್ ಬರುತ್ತದೆ. ಕ್ಯಾಮೆರಾ, ಮೈಕ್ ಇರುವುದಿಲ್ಲ. ಕಚೇರಿಯಿಂದ ಬಂದ ಕೆಲವು ಸಿಪಿಯುಗಳಲ್ಲಿ ಎಚ್‌ಡಿಎಂಐ ಇಲ್ಲದೆ ಡಿಸ್‌ಪ್ಲೇ ಪೋರ್ಟ್ ಮಾತ್ರ ಇರಬಹುದು. ಮಾನಿಟರಿನ ಕಿಂಡಿ ಯಾವುದೆಂದು ನೋಡಿಯೇ ಕೇಬಲ್ ಕೊಳ್ಳಿ. ದುಡ್ಡು ತೀರಾ ಸಾಲದಿದ್ದರೆ ಮಾನಿಟರನ್ನೇ ಮುಂದಕ್ಕೆ ಹಾಕಬಹುದು. ಎಚ್‌ಡಿಎಂಐ ಇರುವ ಟಿವಿಗೇ ಜೋಡಿಸಿ ಆರು ತಿಂಗಳು ನಡೆಸಿದರೆ ತಪ್ಪೇನಿಲ್ಲ. ಅಮ್ಮನ ಧಾರಾವಾಹಿಯ ಹೊತ್ತಿಗೆ ಬಿಟ್ಟುಕೊಡಬೇಕಾದೀತು, ಅಷ್ಟೇ.

ಸಾಫ್ಟ್‌ವೇರ್ ವಿಷಯದಲ್ಲಿ ‘ಎಲ್ಲ ಫ್ರೀಯಾಗಿ ಹಾಕಿಕೊಡ್ತೀವಿ’ ಎಂಬ ಮಾತಿಗೆ ಹೂಂ ಅನ್ನಬೇಡಿ. ಕದ್ದ ವಿಂಡೋಸ್, ಬೀಗ ಮುರಿದ ಆಫೀಸ್‌ನಲ್ಲಿ ಏನು ನುಸುಳಿ ಬಂದಿದೆ ಎಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಅದೇ ಯಂತ್ರದಲ್ಲಿ ನಾವು ಅಪ್ಪನ ಬ್ಯಾಂಕ್ ಖಾತೆ ತೆರೆಯುತ್ತೇವೆ. ಕಂಪನಿ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲಿಗೆ ಅಸಲಿ ಲೈಸೆನ್ಸ್ ಬೋರ್ಡ್‌ನಲ್ಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಕ್ಟಿವೇಟೆಡ್’ ಎಂದಿದೆಯೇ ನೋಡಿ. ಇಲ್ಲವಾದರೆ ಲಿನಕ್ಸ್ ಮಿಂಟ್, ಉಬುಂಟು ಉಚಿತ. ಲಿಬ್ರೆ ಆಫೀಸ್ ಕೂಡ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಕನ್ನಡದ ಯೂನಿಕೋಡ್ ಟೈಪಿಂಗೂ ಅದರಲ್ಲಿ ಸಲೀಸು. ಆದರೆ ಟ್ಯಾಲಿ ಕಲಿಯುವವರಿಗೆ, ನುಡಿಯಲ್ಲೇ ಅಭ್ಯಾಸ ಮಾಡಬೇಕಾದವರಿಗೆ ವಿಂಡೋಸ್ ಬೇಕು. ಪಟ್ಟಿ ಮೊದಲೇ ಬರೆಯಿರಿ ಎಂದದ್ದು ಇದಕ್ಕೇ.

ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತವೆ. ಹಾಗಾಗಿ ಪಾಲಿನ ಲೆಕ್ಕ ಹೇಳುತ್ತೇನೆ. ಇರುವ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸಿಪಿಯುಗೆ, ಕಾಲು ಭಾಗ ಮಾನಿಟರಿಗೆ, ಉಳಿದದ್ದು ಯುಪಿಎಸ್, ಕೀಬೋರ್ಡ್, ಮೌಸ್, ಡಾಂಗಲ್‌ಗೆ. ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿ ತೋರಿಸಿ ಬೆಲೆ ಬರೆಸಿಕೊಂಡು ಬನ್ನಿ. ಮನೆಗೆ ಬಂದು ಒಂದು ರಾತ್ರಿ ಯೋಚಿಸಿ. ‘ಇವತ್ತೇ ಆಫರ್ ಮುಗಿಯುತ್ತೆ’ ಎಂದವರ ಅಂಗಡಿಯನ್ನು ಪಟ್ಟಿಯಿಂದ ತೆಗೆಯಿರಿ.

ಇಷ್ಟೂ ಆಗದ ಮನೆಗಳಿವೆ ಎಂಬುದನ್ನು ಮರೆತು ಬರೆಯುತ್ತಿಲ್ಲ. ಅನೇಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಕಂಪ್ಯೂಟರ್‌ಗಳಿವೆ. ಕೆಲವೆಡೆ ಅವು ಬಟ್ಟೆ ಹೊದ್ದು ಕುಳಿತಿವೆ. ನಾವು ಹೋಗಿ ಕುಳಿತರೆ ಬಟ್ಟೆ ಸರಿಯುತ್ತದೆ. ಕಾಲೇಜುಗಳು ಹಳೆಯ ಲ್ಯಾಬ್ ಯಂತ್ರಗಳನ್ನು ಗುಜರಿಗೆ ಕೊಡುವ ಮೊದಲು ನಿಯಮದ ಪ್ರಕಾರ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಗೆ ಕೊಡುವ ದಾರಿ ಹುಡುಕಬೇಕು. ಒಂದು ಎಸ್‌ಎಸ್‌ಡಿ, ಒಂದು ರ‍್ಯಾಮ್ ಕಡ್ಡಿ ಹಾಕಿದರೆ ಅವುಗಳಲ್ಲಿ ಎಷ್ಟೋ ಇನ್ನೂ ಲಿನಕ್ಸ್‌ನಲ್ಲಿ ನಾಲ್ಕು ವರ್ಷ ದುಡಿಯುತ್ತವೆ. ವಿದ್ಯಾರ್ಥಿ ಸಂಘಗಳು ಕೇಳಬೇಕಾದ ಬೇಡಿಕೆಗಳಲ್ಲಿ ಇದೂ ಒಂದು.

ನಮ್ಮ ಅಪ್ಪ–ಅಮ್ಮಂದಿರಿಗೆ ತಲೆಮಾರು, ಎಸ್‌ಎಸ್‌ಡಿ, ಟಿಪಿಎಂ ಗೊತ್ತಿಲ್ಲ. ಮಗ, ಮಗಳು ಕೇಳಿದರು ಎಂಬ ಒಂದೇ ಕಾರಣಕ್ಕೆ ಸಾಲಕ್ಕೆ ಸಹಿ ಹಾಕುತ್ತಾರೆ. ಆ ಸಹಿ ಬೀಳುವ ಮುನ್ನ ನಮಗೆ ಬೇಕಾದ್ದು ಎಷ್ಟು ಎಂದು ತಿಳಿದು ಹೇಳುವುದು ನಮ್ಮ ಪಾಲಿನ ಕೆಲಸ. ‘ಅಪ್ಪಾ, ಇಷ್ಟು ಸಾಕು’ ಎಂದು ಒಂದು ಹಾಳೆಯ ಪಟ್ಟಿ ಕೈಗಿಟ್ಟರೆ ಉಳಿಯುವ ಹಣದಲ್ಲಿ ಮುಂದಿನ ಸೆಮಿಸ್ಟರಿನ ಶುಲ್ಕವಾದರೂ ಹುಟ್ಟುತ್ತದೆ.